ಎಸ್ತಾಸಿಯೋದ ಸಾಂಬಾ ಶಾಲೆಯ ಬೆನ್ನು ಹತ್ತಿ

ರಿಯೋ ಡಿ ಜನೈರೋದ ಮೊದಲ ಸಾಂಬಾ ಶಾಲೆ ಯಾವುದು ಅಂತ ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ದೇಯ್ಶಾ ಫಲಾರ್. ‘ಮಾತಾಡ್ಲಿ ಬಿಡು’ ಅಂತ ಅರ್ಥ. ಎಸ್ತಾಸಿಯೋ ಅನ್ನುವ ಬಡಾವಣೆಯ ಹುಡುಗರು 1928ರ ಆಗಸ್ಟ್ 12ರಂದು ಕಟ್ಟಿದ ಗುಂಪು ಅದು. 1933ರ ಹೊತ್ತಿಗೆ ಆ ಹೆಸರೇ ಉಳಿದಿರಲಿಲ್ಲ. ಐದು ವರ್ಷ ಕೂಡ ಬಾಳದ ಗುಂಪು ಹಾಕಿಕೊಟ್ಟ ತಾಳವನ್ನು ರಿಯೋದ ಸಾಂಬಾ ಶಾಲೆಗಳು ಇವತ್ತಿಗೂ ಬಾರಿಸುತ್ತಿವೆ. ಆದರೆ ಆ ಗುಂಪಿನ ಒಂದು ಬಾವುಟ, ಒಂದು ಲೆಕ್ಕದ ಪುಸ್ತಕ, ಒಂದು ಸದಸ್ಯರ ಪಟ್ಟಿ ನನ್ನ ಕಣ್ಣಿಗೆ ಬೀಳಲಿಲ್ಲ. ಇಷ್ಟು ಕೊಟ್ಟವರು ಇಷ್ಟು ಬೇಗ ಹೇಗೆ ಕರಗಿಹೋದರು? ಕೆಲಸದ ಮೇಲೆ ರಿಯೋದಲ್ಲಿ ಇದ್ದ ಕಾಲದಲ್ಲಿ ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಬಿಡುವಾದಾಗೆಲ್ಲ ಅದರ ಹಿಂದೆ ಬಿದ್ದೆ.

ಸಾಂಬಾ ಅಂದರೆ ಬ್ರೆಜಿಲ್‌ನ ಹಾಡು, ತಾಳ, ಕುಣಿತ. ಸಾಂಬಾ ಶಾಲೆ ಅಂದರೆ ಪಾಠ ಹೇಳಿಕೊಡುವ ಜಾಗ ಅಲ್ಲ. ಒಂದು ಬಡಾವಣೆಯ ಅಥವಾ ಒಂದು ಗುಡ್ಡದ ಜನ ಸೇರಿ ಕಟ್ಟಿಕೊಂಡ ಸಂಘ. ವರ್ಷವಿಡೀ, ಬೀದಿಯಲ್ಲಿ ನಡೆಯುವ ದೊಡ್ಡ ಹಬ್ಬವಾದ ಕಾರ್ನಿವಲ್‌ಗೆ ತಯಾರಿ ನಡೆಸುತ್ತದೆ. ಹಾಡು ಕಟ್ಟುವವರು, ವಾದ್ಯ ಬಾರಿಸುವವರು, ಕುಣಿಯುವವರು, ಬಟ್ಟೆ ಹೊಲಿಯುವವರು, ಬಾವುಟ ಹಿಡಿಯುವ ಹೆಂಗಸು, ಅವಳ ಜೊತೆಗೊಬ್ಬ ಗಂಡು, ಎಲ್ಲರೂ ಒಂದೇ ಬೀದಿಯವರು. ಈಗ ದೊಡ್ಡ ಶಾಲೆಗಳ ಮೆರವಣಿಗೆಯಲ್ಲಿ ಸಾವಿರಾರು ಜನ ಇರುತ್ತಾರೆ, ಟಿವಿಯಲ್ಲಿ ಬರುತ್ತೆ. ದೇಯ್ಶಾ ಫಲಾರ್ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಕೈಯಲ್ಲಿ ವಾದ್ಯ, ಬಾಯಲ್ಲಿ ಹಾಡು, ನಡೆಯುವುದಕ್ಕೆ ಬೀದಿ. ಅಷ್ಟೇ.

ನಾನು ಮೊದಲು ಹೋಗಿದ್ದು ದಾಖಲೆಗಳ ಕಡೆಗಲ್ಲ, ವಾದ್ಯದ ಕಡೆಗೆ. ನಮ್ಮ ಮನೆ ಹತ್ತಿರ ಒಂದು ಬೀದಿ ತಂಡ ವಾರಕ್ಕೊಮ್ಮೆ ಸಂಜೆ ಹೊತ್ತು ತಾಳವಾದ್ಯ ಕಲಿಸುತ್ತಿತ್ತು. ಸೇರಿಕೊಂಡೆ. ಮೇಷ್ಟ್ರು ನನ್ನ ಎತ್ತರ, ಭುಜ ಎಲ್ಲ ನೋಡಿ ಸುರ್ದೋ ಕೊಟ್ಟರು. ಡೊಳ್ಳಿನ ಹಾಗೆ ಮೈಮುಂದೆ ನೇತುಹಾಕಿಕೊಳ್ಳುವ ದೊಡ್ಡ ವಾದ್ಯ ಅದು. ಆದರೆ ಇದನ್ನು ಒಂದು ಕೈಯಲ್ಲಿ ಮೆತ್ತನೆಯ ತಲೆಯ ಕೋಲು ಹಿಡಿದು ಬಾರಿಸುತ್ತಾರೆ. ಇನ್ನೊಂದು ಕೈ ಚರ್ಮದ ಮೇಲಿರುತ್ತೆ, ಸದ್ದನ್ನು ಅದುಮುವುದಕ್ಕೆ. ಹೊಡೆಯುವುದಕ್ಕಿಂತ ಈ ಅದುಮುವುದೇ ಕಷ್ಟ.

“ಎರಡರ ಮೇಲೆ ಹೊಡಿಯಪ್ಪಾ, ಒಂದರ ಮೇಲಲ್ಲ,” ಅಂತ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದರು. ಸಾಂಬಾದಲ್ಲಿ ಎರಡೇ ಎಣಿಕೆ. ಮೊದಲ ಸುರ್ದೋದ ಭಾರವಾದ ಪೆಟ್ಟು ಬೀಳುವುದು ಎರಡನೆಯದರ ಮೇಲೆ. ಎರಡನೆಯ ಸುರ್ದೋ ಒಂದರ ಮೇಲೆ ಉತ್ತರ ಕೊಡುತ್ತೆ. ಮೂರನೆಯದು ಇವೆರಡರ ನಡುವೆ ಕತ್ತರಿಸುತ್ತಾ ಓಡಾಡುತ್ತೆ. ಮಾಂಗೆಯ್ರಾ ಶಾಲೆಯವರು ಮಾತ್ರ ಆ ಉತ್ತರ ಕೊಡುವ ಸುರ್ದೋ ಇಟ್ಟುಕೊಂಡಿಲ್ಲ. ಅದಕ್ಕೇ ಅವರ ವಾದ್ಯವೃಂದವನ್ನು ದೂರದಿಂದ ಕಣ್ಣು ಮುಚ್ಚಿಕೊಂಡು ಕೇಳಿದರೂ ಗೊತ್ತಾಗುತ್ತೆ. ಕಲಿಯುವಾಗ ಇದನ್ನೆಲ್ಲ ಮೇಷ್ಟ್ರು ಮಾತಿನ ನಡುವೆ ಹೇಳುತ್ತಿದ್ದರು. ಒಂದು ದಿನ ಕೇಳಿದೆ: ಈ ವಾದ್ಯವನ್ನು ಸಾಂಬಾಕ್ಕೆ ತಂದವರು ಯಾರು? “ಎಸ್ತಾಸಿಯೋದ ಬೀಜಿ. ಬೆಣ್ಣೆ ಡಬ್ಬದಲ್ಲಿ ಮಾಡಿದ್ದು,” ಅಂದರು.

ಬೀಜಿ ಅಂದರೆ ಅಲ್ಸೆಬಿಯಾದೆಸ್ ಬಾರ್ಸೆಲೋಸ್. ಹುಟ್ಟಿದ್ದು 1902ರಲ್ಲಿ, ಕೊಲ್ಲಿಯ ಆಚೆ ದಡದ ನಿತೆರೋಯ್ ಊರಲ್ಲಿ. ಹೊಟ್ಟೆಪಾಡಿಗೆ ಚಪ್ಪಲಿ, ಬೂಟು ಹೊಲಿಯುವ ಕೆಲಸ. ಸುರ್ದೋ ಹುಟ್ಟಿದ ಕಥೆ ಹೀಗೆ ಹೇಳುತ್ತಾರೆ. ಆಗ ಬೆಣ್ಣೆ ಇಪ್ಪತ್ತು ಕಿಲೋದ ದೊಡ್ಡ ದುಂಡನೆಯ ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ಬೀಜಿ ಅಂಥ ಡಬ್ಬ ತಂದು ಎರಡೂ ಕಡೆ ತೆರೆದರು. ಬಾಯಿಗೆ ಸಿಮೆಂಟ್ ಚೀಲದ ದಪ್ಪ ಕಾಗದವನ್ನು ನೆನೆಸಿ ಎಳೆದು ಕಟ್ಟಿದರು. ತಂತಿ ಸುತ್ತಿ, ಸಣ್ಣ ಮೊಳೆ ಹೊಡೆದು ಬಿಗಿ ಮಾಡಿದರು. ಕಾಗದ ಒಣಗಿದ ಮೇಲೆ ಬಿಗಿದುಕೊಂಡು ಗುಂಯ್ ಅನ್ನುವ ತಗ್ಗಿನ ಸದ್ದು. ಚರ್ಮ ಎಳೆದು ಮೊಳೆ ಹೊಡೆಯುವುದು ಬೂಟು ಹೊಲಿಯುವವನಿಗೆ ದಿನದ ಕೆಲಸ ಅಲ್ವಾ. ಈ ಕಥೆಯಲ್ಲಿ ನನಗೆ ತುಂಬಾ ನಿಜ ಅನ್ನಿಸಿದ್ದು ಆ ಮೊಳೆಗಳೇ.

ಆದರೆ ಅಂಥ ಒಂದು ವಾದ್ಯ ಯಾಕೆ ಬೇಕಾಯ್ತು? ಇದಕ್ಕೆ ಉತ್ತರ ಹುಡುಕಲು ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳಬೇಕಾಯ್ತು. ಮೊರೇರಾ ಸಾಲೆಸ್ ಸಂಸ್ಥೆಯವರು ಬ್ರೆಜಿಲ್‌ನ ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಡಿಜಿಟಲ್ ಮಾಡಿ ಯಾರು ಬೇಕಾದರೂ ಕೇಳುವಂತೆ ಇಟ್ಟಿದ್ದಾರೆ. ರಾತ್ರಿ ಊಟ ಆದಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಮೊದಲು ಕೇಳಿದ್ದು ‘ಪೆಲೋ ತೆಲೆಫೋನೆ’. ಡೊಂಗಾ ಅನ್ನುವ ಹಾಡುಗಾರ 1916ರ ನವೆಂಬರ್‌ನಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ತನ್ನ ಹೆಸರಿಗೆ ನೋಂದಾಯಿಸಿದ ಹಾಡು. ಸಾಂಬಾ ಅಂತ ಹೆಸರು ಹಾಕಿಕೊಂಡು ಮನೆಮಾತಾದ ಮೊದಲ ಹಾಡು ಅದೇ. ಬಾಹಿಯಾ ಪ್ರಾಂತ್ಯದಿಂದ ಬಂದು ರಿಯೋದಲ್ಲಿ ನೆಲೆಸಿದ ಕಪ್ಪು ಜನರ ಮನೆಗಳಲ್ಲಿ, ಅದರಲ್ಲೂ ಪ್ರಾಸಾ ಒಂಜೆ ಚೌಕದ ಹತ್ತಿರ ಸಿಯಾತಾ ಚಿಕ್ಕಮ್ಮನ ಮನೆಯಲ್ಲಿ, ಇಂಥ ಹಾಡುಗಳು ಹುಟ್ಟಿದವು. ಕೇಳುವುದಕ್ಕೆ ಇಂಪಾಗಿದೆ. ಆದರೆ ತಾಳ ಎಣಿಸಿ ನೋಡಿ: ಮೂರು, ಮೂರು, ಎರಡು. ಮತ್ತೆ ಮೂರು, ಮೂರು, ಎರಡು. ಎಂಟಕ್ಕೆ ಒಂದು ಸುತ್ತು ಮುಗಿಯುತ್ತೆ. ಕೋಣೆಯಲ್ಲಿ ಜೋಡಿಯಾಗಿ ಕುಣಿಯುವುದಕ್ಕೆ ಹೇಳಿ ಮಾಡಿಸಿದ್ದು.

ಆಮೇಲೆ ಎಸ್ತಾಸಿಯೋದವರ ಹಾಡು ಹಾಕಿದೆ. ‘ಸೆ ವೊಸೆ ಜುರಾರ್’. 1931ರ ಕಾರ್ನಿವಲ್‌ಗೆ ಬಂದದ್ದು. ಕಟ್ಟಿದವರಲ್ಲಿ ದೇಯ್ಶಾ ಫಲಾರ್‌ನ ಇಸ್ಮಾಯೆಲ್ ಸಿಲ್ವಾ, ನಿಲ್ತನ್ ಬಾಸ್ತೋಸ್ ಇಬ್ಬರೂ ಇದ್ದಾರೆ. ಹಾಡಿದವರು ಆಗಿನ ದೊಡ್ಡ ತಾರೆ ಫ್ರಾನ್ಸಿಸ್ಕೋ ಆಲ್ವೆಸ್ ಮತ್ತು ಮಾರಿಯೋ ರೇಯಿಸ್. ಇಲ್ಲಿ ಸಾಲು ಉದ್ದ. ಸ್ವರ ಬೇಕಾದಲ್ಲಿ ನಿಲ್ಲುತ್ತೆ, ಬೇಡವಾದಲ್ಲಿ ಜಾರುತ್ತೆ. ಸುತ್ತು ಎಂಟಕ್ಕೆ ಮುಗಿಯುವುದಿಲ್ಲ, ಹದಿನಾರಕ್ಕೆ ಹೋಗುತ್ತೆ. ಆ ಹದಿನಾರು ಕೂಡ ಸಮ ಎರಡು ಭಾಗ ಆಗುವುದಿಲ್ಲ. ಏಳು ಮತ್ತು ಒಂಬತ್ತು.

ಇದನ್ನು ಕೈಗೆ ತಂದುಕೊಳ್ಳಬೇಕು ಅಂತ ಮೇಷ್ಟ್ರನ್ನು ಕೇಳಿ ತಂಬೊರಿಂ ಹಿಡಿದೆ. ಅಂಗೈಯಗಲದ ಪುಟ್ಟ ವಾದ್ಯ, ಒಂದೇ ಸಣ್ಣ ಕೋಲು. ಅದರಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ ಹೀಗಿದೆ: ಎರಡು, ಎರಡು, ಒಂದು, ಎರಡು. ಕೂಡಿಸಿದರೆ ಏಳು. ಮುಂದೆ ಎರಡು, ಎರಡು, ಎರಡು, ಒಂದು, ಎರಡು. ಒಂಬತ್ತು. ಬಾಯಲ್ಲಿ ‘ತೆಲೆಕೊ ತೆಕೊ’ ಅಂತ ಹೇಳಿಕೊಂಡು ಬಾರಿಸುತ್ತಾರೆ. ಓದುವವರು ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ನೋಡಬಹುದು. ಕೂತು ತಟ್ಟುವಾಗ ಹೇಗೋ ಬರುತ್ತೆ. ಎದ್ದು ನಡೆಯುತ್ತಾ ತಟ್ಟಿ. ಕಾಲು ಒಂದು ಕಡೆ ಎಳೆಯುತ್ತೆ, ಕೈ ಇನ್ನೊಂದು ಕಡೆ. ಹಾಗೇ ತಡವರಿಸುತ್ತಾ ಇದ್ದಾಗ ಯಾವತ್ತೋ ಒಂದು ದಿನ ಎರಡೂ ಕೂಡಿಕೊಳ್ಳುತ್ತವೆ. ಆಗ ನಡಿಗೆಯೇ ಬದಲಾಗುತ್ತೆ. ತಾಳ ಹೊಟ್ಟೆಯ ಹತ್ತಿರದಿಂದ ಮುಂದಕ್ಕೆ ತಳ್ಳುತ್ತೆ, ನಿಲ್ಲೋಣ ಅಂದರೂ ಕಾಲು ನಿಲ್ಲುವುದಿಲ್ಲ.

ಇಸ್ಮಾಯೆಲ್ ಸಿಲ್ವಾ ಹೇಳಿದ್ದೂ ಇದನ್ನೇ. ಪತ್ರಕರ್ತ ಸೆರ್ಜಿಯೋ ಕಬ್ರಾಲ್ ಬಹಳ ವರ್ಷಗಳ ನಂತರ ಅವರನ್ನು ಕಂಡು ಮಾತಾಡಿಸಿದ್ದರು. ಹಳೆಯ ಸಾಂಬಾ ಹಿಡಿದುಕೊಂಡು ಬೀದಿಯಲ್ಲಿ ಗುಂಪಾಗಿ ನಡೆಯಲು ಆಗುತ್ತಿರಲಿಲ್ಲ, ಅದಕ್ಕೆ ನಾವು ಬೇರೆ ಥರ ಮಾಡಿದೆವು ಅಂತ ಇಸ್ಮಾಯೆಲ್ ವಿವರಿಸಿದರು. ಹೇಗೆ ಅಂತ ಬಾಯಲ್ಲೇ ಬಾರಿಸಿ ತೋರಿಸಿದರು: ಬುಂ ಬುಂ ಪಾತಿಕುಂಬುಂ ಪ್ರುಗುರುಂದುಂ. 1982ರಲ್ಲಿ ಇಂಪೇರಿಯೋ ಸೆರಾನೋ ಶಾಲೆ ಇದೇ ಸದ್ದನ್ನು ತನ್ನ ಮೆರವಣಿಗೆಯ ಹೆಸರಾಗಿ ಇಟ್ಟುಕೊಂಡು ಚಾಂಪಿಯನ್ ಆಯ್ತು. ಕಬ್ರಾಲ್ ಹೇಳುವ ಇನ್ನೊಂದು ಪ್ರಸಂಗವೂ ಇದೆ. ಡೊಂಗಾ ಮತ್ತು ಇಸ್ಮಾಯೆಲ್ ಇಬ್ಬರೂ ಎದುರಿಗಿದ್ದಾಗ ಯಾವುದು ನಿಜವಾದ ಸಾಂಬಾ ಅಂತ ಕೇಳಿದರು. ಡೊಂಗಾ ‘ಪೆಲೋ ತೆಲೆಫೋನೆ’ ಹಾಡಿದರು. ಅದು ಸಾಂಬಾ ಅಲ್ಲ, ಮಶೀಶೆ ಅಂದರು ಇಸ್ಮಾಯೆಲ್. ಮಶೀಶೆ ಅಂದರೆ ಹಿಂದಿನ ತಲೆಮಾರಿನ ಜೋಡಿ ಕುಣಿತ. ಹಾಗಾದರೆ ನೀನು ಹಾಡು ಅಂದಾಗ ಇಸ್ಮಾಯೆಲ್ ‘ಸೆ ವೊಸೆ ಜುರಾರ್’ ಹಾಡಿದರು. ಇದು ಸಾಂಬಾ ಅಲ್ಲ, ಮಾರ್ಚ್ ಅಂದರು ಡೊಂಗಾ! ಇಬ್ಬರದೂ ತಪ್ಪಲ್ಲ. ಒಬ್ಬರದು ಮನೆಯ ಸಾಂಬಾ, ಇನ್ನೊಬ್ಬರದು ಬೀದಿಯ ಸಾಂಬಾ. ನೂರಾರು ಜನ ನಡೆಯುವಾಗ ಹಿಂದಿದ್ದವರಿಗೂ ಹೆಜ್ಜೆ ಗೊತ್ತಾಗಬೇಕು ಅಂದರೆ ತಗ್ಗಿನ, ದೂರ ಹೋಗುವ ಸದ್ದು ಬೇಕೇ ಬೇಕು. ಬೆಣ್ಣೆ ಡಬ್ಬ ಬಂದಿದ್ದು ಅದಕ್ಕೆ.

ತಟ್ಟೆಗಳಲ್ಲಿ ಮಾತ್ರ ಆ ಡಬ್ಬದ ಸದ್ದು ಅಷ್ಟಾಗಿ ಕೇಳುವುದಿಲ್ಲ. ಸ್ಟುಡಿಯೋಗಳಲ್ಲಿ ಊದುವ ವಾದ್ಯಗಳ ಆರ್ಕೆಸ್ಟ್ರಾ ಇರುತ್ತಿತ್ತು. ಬೀದಿಯ ತಾಳವಾದ್ಯಗಳು ಸರಿಯಾಗಿ ಒಳಗೆ ಬಂದದ್ದು 1930ರ ಕಾರ್ನಿವಲ್‌ಗೆ ಬಾಂದೋ ದೆ ತಂಗಾರಾಸ್ ತಂಡ ಮಾಡಿದ ಒಂದು ತಟ್ಟೆಯಿಂದ. ‘ಎಸ್ತಾಸಿಯೋದ ಬಲ್ಲವರು’ ಅನ್ನುವ ಅರ್ಥದ ಹೆಸರಲ್ಲಿ ಪಕ್ಕವಾದ್ಯ ಇರುವ ಕೆಲವು ತಟ್ಟೆಗಳಿವೆ. ದೇಯ್ಶಾ ಫಲಾರ್ ಅಂತ ಹೆಸರು ಹೊತ್ತ ತಟ್ಟೆ ನನಗೆ ಸಿಗಲಿಲ್ಲ. ಹಾಡು ಬರೆದವರ ಹೆಸರು ಹುಡುಕುವುದೂ ಸುಲಭ ಅಲ್ಲ. ಆಗ ಹಾಡು ಮಾರುವುದು, ಕೊಳ್ಳುವುದು ನಡೆಯುತ್ತಿತ್ತು. ಫ್ರಾನ್ಸಿಸ್ಕೋ ಆಲ್ವೆಸ್ ಎಸ್ತಾಸಿಯೋದವರಿಂದ ಹಾಡು ಕೊಂಡವರು. ಇಸ್ಮಾಯೆಲ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೀಜಿ ಮೂಲಕ ಮೊದಲ ವ್ಯಾಪಾರ ಕುದುರಿತು ಅನ್ನುತ್ತಾರೆ. ದುಡ್ಡು ಬೇಕಿದ್ದವನು ಹಾಡು ಕೊಟ್ಟ. ಹೆಸರು ಬೇಕಿದ್ದವನು ಕೊಂಡ. ಇದನ್ನು ಬರೀ ಮೋಸ ಅಂದುಬಿಡುವುದು ನನಗೆ ಇಷ್ಟ ಇಲ್ಲ. ಆಲ್ವೆಸ್ ಹಾಡದೇ ಇದ್ದಿದ್ದರೆ ಈ ಹಾಡುಗಳು ಎಸ್ತಾಸಿಯೋದ ಬೀದಿ ದಾಟಿ ಇಷ್ಟು ಬೇಗ ದೇಶಕ್ಕೆಲ್ಲ ತಲುಪುತ್ತಿರಲಿಲ್ಲ. ಆದರೂ ತಟ್ಟೆಯ ಮೇಲೆ ಇರಬೇಕಾದ ಹೆಸರು ಇರದಿದ್ದಾಗ ಹೊಟ್ಟೆ ಉರಿಯುತ್ತೆ.

ಇಷ್ಟಾದ ಮೇಲೆ ಪತ್ರಿಕೆಗಳಿಗೆ ಕೈ ಹಾಕಿದೆ. ಬ್ರೆಜಿಲ್‌ನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ತೆರೆದಿಟ್ಟಿದೆ. ಇದೊಂದು ದೊಡ್ಡ ಉಪಕಾರ. ದಶಕ ಆರಿಸಿ, ಊರು ಆರಿಸಿ, ಪತ್ರಿಕೆ ಆರಿಸಿ ಪದ ಹುಡುಕಬಹುದು. ಆದರೆ ‘ದೇಯ್ಶಾ ಫಲಾರ್’ ಅನ್ನುವುದು ಜನ ದಿನಾ ಆಡುವ ಮಾತು. ಹುಡುಕಿದರೆ ನಾಟಕ, ಕಾದಂಬರಿ, ಭಾಷಣ, ಜಾಹೀರಾತು ಎಲ್ಲ ರಾಶಿ ಬೀಳುತ್ತೆ. ಹಾಗಾಗಿ ಆ ಎರಡು ಪದಕ್ಕೆ ಬಡಾವಣೆಯ ಹೆಸರು ಸೇರಿಸಿದೆ. ಕಾಗುಣಿತವೂ ಆಗ ಬೇರೆ ಇತ್ತು, ಈಗ ಹಾಕುವ ಒತ್ತು ಗುರುತುಗಳನ್ನು ಆಗ ಹಾಕುತ್ತಿರಲಿಲ್ಲ. ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತೆ. ಕೊನೆಗೆ ನನಗೆ ಒಗ್ಗಿದ ದಾರಿ ಅಂದರೆ ಪದ ಹುಡುಕುವುದನ್ನೇ ಬಿಟ್ಟು, ಜನವರಿಯಿಂದ ಕಾರ್ನಿವಲ್ ಮುಗಿಯುವವರೆಗಿನ ಪುಟಗಳನ್ನು ಒಂದೊಂದಾಗಿ ತಿರುವುವುದು. ಕಣ್ಣು ಸೋಲುತ್ತೆ. ಆದರೆ ಪುಟ ತಿರುವಿದಾಗಲೇ ಗೊತ್ತಾಗುವುದು, ಆ ಕಾಲದಲ್ಲಿ ಯಾರಿಗೆ ಎಷ್ಟು ಜಾಗ ಇತ್ತು ಅಂತ.

ದೊಡ್ಡ ಅಕ್ಷರ, ಚಿತ್ರ ಎಲ್ಲ ಶ್ರೀಮಂತ ಕ್ಲಬ್ಬುಗಳ ರಥಗಳಿಗೆ. ಆಮೇಲೆ ರಾಂಚೋಗಳಿಗೆ. ರಾಂಚೋ ಅಂದರೆ ಸಾಂಬಾ ಶಾಲೆಗಿಂತ ಹಳೆಯದಾದ, ಮರ್ಯಾದೆ ಗಳಿಸಿದ್ದ ಮೆರವಣಿಗೆ ತಂಡ. ತಂತಿವಾದ್ಯ, ಊದುವ ವಾದ್ಯ, ನಿಧಾನ ಗತಿಯ ಹಾಡು, ಒಂದು ಕಥಾವಸ್ತು, ಅದಕ್ಕೆ ತಕ್ಕ ವೇಷ. ಜೊರ್ನಾಲ್ ದೊ ಬ್ರಾಜಿಲ್ ಪತ್ರಿಕೆ ಅವುಗಳಿಗೆ ಸ್ಪರ್ಧೆ ನಡೆಸುತ್ತಿತ್ತು. ಕಾರ್ನಿವಲ್ ಸೋಮವಾರ ರಿಯೋದ ಮುಖ್ಯ ಬೀದಿ ರಾಂಚೋಗಳದ್ದು. ಸಾಂಬಾದವರ ಗುಂಪುಗಳಿಗೆ ಕೆಳಗಿನ ಮೂಲೆಯಲ್ಲಿ ಒಂದೆರಡು ಸಾಲು ಸಿಕ್ಕರೆ ಪುಣ್ಯ.

ದೇಯ್ಶಾ ಫಲಾರ್ 1929, 1930, 1931ರಲ್ಲಿ ಎಸ್ತಾಸಿಯೋದಿಂದ ಪ್ರಾಸಾ ಒಂಜೆಗೆ ಮೆರವಣಿಗೆ ಹೋಯ್ತು. ಕೆಂಪು, ಬಿಳಿ ಬಣ್ಣ. ಅದಕ್ಕೂ ಮುಂಚೆ ಅಲ್ಲಿದ್ದ ‘ಒಗ್ಗಟ್ಟೇ ಬಲ’ ಅನ್ನುವ ಅರ್ಥದ ಹೆಸರಿನ ಗುಂಪಿನ ನೆನಪಿಗೆ, ಜೊತೆಗೆ ರಿಯೋದ ಅಮೆರಿಕಾ ಫುಟ್‌ಬಾಲ್ ಕ್ಲಬ್ಬಿನ ಬಣ್ಣವೂ ಹೌದು. ಆ ಹಳೆಯ ಗುಂಪಿನ ಮುಂದಾಳು ಬೀಜಿಯ ಸಹೋದರ ರೂಬೆಂ. ಅವರು 1927ರಲ್ಲಿ ಕ್ಷಯದಿಂದ ತೀರಿಕೊಂಡರು. ಎಸ್ತಾಸಿಯೋದವರು ತಮ್ಮ ತಾಳವನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಮಾಂಗೆಯ್ರಾ ಗುಡ್ಡಕ್ಕೆ ಹೋದರು, ರೈಲು ಹತ್ತಿ ಓಸ್ವಾಲ್ಡೋ ಕ್ರೂಜ್‌ನ ಹಬ್ಬಗಳಿಗೆ ಹೋದರು. ಈಗಿನ ಪೊರ್ತೆಲಾ ಶಾಲೆ ಹುಟ್ಟಿದ್ದು ಆ ಓಸ್ವಾಲ್ಡೋ ಕ್ರೂಜ್‌ನಲ್ಲಿ. 1929ರ ಜನವರಿ 20ರಂದು ಜೆ ಎಸ್ಪಿಂಗೆಲಾ ಅನ್ನುವವರು ಎಂಜೆನ್ಯೋ ದೆ ದೆಂತ್ರೋದಲ್ಲಿ ಈ ಮೂರೂ ಕಡೆಯವರನ್ನು ಸೇರಿಸಿ ಒಂದು ಸಾಂಬಾ ಸ್ಪರ್ಧೆ ಮಾಡಿದರು. ಓಸ್ವಾಲ್ಡೋ ಕ್ರೂಜ್ ಗೆದ್ದಿತು. ಎಸ್ತಾಸಿಯೋದವರು ಟೈ ಕಟ್ಟಿಕೊಂಡು, ಕೊಳಲು ಸೇರಿಸಿಕೊಂಡು ಬಂದರು ಅಂತ ಅವರನ್ನು ಹೊರಗಿಟ್ಟರು ಅನ್ನುತ್ತಾರೆ. ಕೊಳಲು ನುಡಿಸಿದ ಬೆನೆದಿತೋ ಲಾಸೆರ್ದಾ ಮುಂದೆ ದೇಶಕ್ಕೇ ಹೆಸರಾದರು. ಈ ಟೈ ವಿಷಯವನ್ನು ನಾನು ಸುಮ್ನೆ ಓದಿ ಬಿಟ್ಟಿರಲಿಲ್ಲ. ಚೆನ್ನಾಗಿ ಕಾಣಬೇಕು, ನಮ್ಮನ್ನೂ ನಾಲ್ಕು ಜನ ಗೌರವಿಸಬೇಕು ಅನ್ನುವ ಆಸೆ ಅಲ್ಲಿದೆ. ಕೆಲಸ ಇಲ್ಲದೆ ಬೀದಿಯಲ್ಲಿ ಸಿಕ್ಕಿದರೆ ಅಲೆಮಾರಿತನದ ಕಾನೂನಿನಡಿ ಪೊಲೀಸರು ಹಿಡಿಯಬಹುದಾಗಿದ್ದ ಕಾಲ ಅದು. ಅಂಥ ಕಾಲದ ಕಪ್ಪು ಹುಡುಗರಿಗೆ ಆ ಆಸೆ ಸಣ್ಣದಲ್ಲ.

ಶಾಲೆ ಅನ್ನುವ ಹೆಸರಲ್ಲೂ ಅದೇ ಆಸೆ ಇದೆ. ಎಸ್ತಾಸಿಯೋ ಚೌಕದಲ್ಲಿ ಆಗ ಉಪಾಧ್ಯಾಯರನ್ನು ತಯಾರು ಮಾಡುವ ಸರ್ಕಾರಿ ಶಾಲೆ ಇತ್ತು. ಅಲ್ಲಿಂದ ಮೇಷ್ಟ್ರುಗಳು ಹೊರಬರುತ್ತಾರೆ, ನಾವೂ ಸಾಂಬಾದ ಮೇಷ್ಟ್ರುಗಳು, ಹಾಗಾಗಿ ನಮ್ಮದೂ ಶಾಲೆ ಅಂತ ಇಟ್ಟ ಹೆಸರು ಅಂತ ಇಸ್ಮಾಯೆಲ್ ಹೇಳುತ್ತಿದ್ದರು. ಬೇರೆ ಕಥೆಗಳೂ ಇವೆ. ಅಮೆನೋ ರೆಸೆದಾ ಅನ್ನುವ ಹೆಸರಾಂತ ರಾಂಚೋವನ್ನು ಅದಕ್ಕೂ ಮುಂಚೆಯೇ ‘ರಾಂಚೋ ಶಾಲೆ’ ಅಂತ ಕರೆಯುತ್ತಿದ್ದರು. ಮಾಂಗೆಯ್ರಾ ತನ್ನ ಹುಟ್ಟನ್ನು 1928ರ ಏಪ್ರಿಲ್ 28 ಅಂತ ಹೇಳುತ್ತೆ, ಪೊರ್ತೆಲಾ 1923ಕ್ಕೆ ಹೋಗುತ್ತೆ. ದೇಯ್ಶಾ ಫಲಾರ್ ಕಾಗದದ ಮೇಲೆ ಒಂದು ಬೀದಿ ತಂಡವಾಗಿತ್ತು, ಶಾಲೆ ಆಗಿರಲೇ ಇಲ್ಲ ಅನ್ನುವ ಸಂಶೋಧಕರೂ ಇದ್ದಾರೆ. ಈ ಮೊದಲು ಯಾರು ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಹೋಗಿಬಿಟ್ಟಿತು.

1932ಕ್ಕೆ ಬಂದಾಗ ನನ್ನ ಪ್ರಶ್ನೆಗೆ ಉತ್ತರ ಸಿಗತೊಡಗಿತು. ಆ ವರ್ಷ ಪತ್ರಕರ್ತ ಮಾರಿಯೋ ಫಿಲ್ಯೋ ಅವರ ಮುಂದೋ ಸ್ಪೋರ್ತಿವೋ ಅನ್ನುವ ಕ್ರೀಡಾ ಪತ್ರಿಕೆ ಮೊದಲ ಬಾರಿಗೆ ಸಾಂಬಾ ಶಾಲೆಗಳ ಸ್ಪರ್ಧೆ ಇಟ್ಟಿತು. ಮುಂದೆ ಮರಕಾನಾ ಕ್ರೀಡಾಂಗಣಕ್ಕೆ ಇಟ್ಟ ಹೆಸರು ಇವರದೇ. ಫುಟ್‌ಬಾಲ್ ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಪುಟ ತುಂಬುವುದಕ್ಕೆ ಸುದ್ದಿ ಬೇಕಿತ್ತು. ಫೆಬ್ರವರಿ 7, ಕಾರ್ನಿವಲ್ ಭಾನುವಾರ, ಪ್ರಾಸಾ ಒಂಜೆ. ಹತ್ತೊಂಬತ್ತು ಗುಂಪುಗಳು ಬಂದವು. ಮಾಂಗೆಯ್ರಾ ಗೆದ್ದಿತು. ಇವತ್ತಿನ ಇಡೀ ಮೆರವಣಿಗೆಯ ಲೋಕ ಶುರುವಾಗಿದ್ದು ಆ ರಾತ್ರಿ.

ದೇಯ್ಶಾ ಫಲಾರ್ ಆ ಪಟ್ಟಿಯಲ್ಲಿ ಇಲ್ಲ.

ಅವರು ಆ ವರ್ಷ ರಾಂಚೋ ಆಗಿದ್ದರು. ಸಾಂಬಾದವರ ಚೌಕ ಬಿಟ್ಟು ಮುಖ್ಯ ಬೀದಿಯ ರಾಂಚೋ ಸ್ಪರ್ಧೆಗೆ ಹೋದರು. ವಸ್ತು ‘ವಸಂತ ಮತ್ತು ಅಕ್ಟೋಬರ್ ಕ್ರಾಂತಿ’. ಗೆಟುಲಿಯೋ ವರ್ಗಾಸ್ ಅವರನ್ನು ಅಧಿಕಾರಕ್ಕೆ ತಂದ 1930ರ ಅಕ್ಟೋಬರ್ ಕ್ರಾಂತಿ ಅದು. ನಗರಾಡಳಿತ ಆ ವರ್ಷ ಕಾರ್ನಿವಲ್‌ಗೆ ಮೊದಲ ಬಾರಿಗೆ ಅಧಿಕೃತವಾಗಿ ಕೈಜೋಡಿಸಿತ್ತು, ರಾಂಚೋಗಳಿಗೆ ಧನಸಹಾಯವೂ ಇತ್ತು. ಹೋಗಬೇಕು ಅನ್ನಿಸದೇ ಇರುತ್ತಾ? ಆದರೆ ಮೆರವಣಿಗೆ ಯಾರಿಗೂ ಹಿಡಿಸಲಿಲ್ಲ, ಒಳಗೊಳಗೇ ಜಗಳ ಆಯ್ತು. ಪಕ್ಕದ ಉನಿಯಾಂವ್ ದಾಸ್ ಕೋರೆಸ್ ಅನ್ನುವ ತಂಡದ ಜೊತೆ ಸೇರಿ ಬೇರೆ ಹೆಸರು ಇಟ್ಟುಕೊಂಡರು, ಅದೂ ನಿಲ್ಲಲಿಲ್ಲ.

ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸಂಕಟ ಆಯ್ತು. ಮರ್ಯಾದೆ ಹುಡುಕಿಕೊಂಡು ಇವರು ರಾಂಚೋ ಕಡೆ ಹೋದರು. ಅದೇ ವಾರ ಮರ್ಯಾದೆ ಇವರು ಬಿಟ್ಟುಬಂದ ಜಾಗಕ್ಕೆ ಬಂತು. ರಾಂಚೋಗಳು ಮುಂದೆ ಒಂದೊಂದಾಗಿ ಕಳೆಗುಂದಿದವು. ಸಾಂಬಾ ಶಾಲೆಗಳು ಅವರ ಕಥಾವಸ್ತು, ಬಾವುಟದ ಜೋಡಿ ಎಲ್ಲವನ್ನೂ ತೆಗೆದುಕೊಂಡು ಬೆಳೆದವು. ಎಸ್ತಾಸಿಯೋದವರು ತಪ್ಪು ಲೆಕ್ಕ ಹಾಕಿದರು ಅಂತ ಈಗ ಹೇಳುವುದು ಸುಲಭ. ಆದರೆ ಫೆಬ್ರವರಿ 6ರಂದು ಪತ್ರಿಕೆ ಓದುತ್ತಿದ್ದ ಯಾರೇ ಆಗಿದ್ದರೂ ರಾಂಚೋವನ್ನೇ ಆರಿಸುತ್ತಿದ್ದರು. ಆ ಪುಟಗಳನ್ನು ನೋಡಿದ ಮೇಲೆ ನನಗೆ ಅದರಲ್ಲಿ ಅನುಮಾನ ಇಲ್ಲ.

ಇನ್ನೊಂದು ಕಾರಣಕ್ಕೆ ನಾನು ಅದಕ್ಕಿಂತ ಜಾಸ್ತಿ ತೂಕ ಕೊಡುತ್ತೇನೆ. ಆ ಮೆರವಣಿಗೆ ಹೊತ್ತಿಗೆ ಗುಂಪಿನ ಜೀವಾಳದಂತಿದ್ದವರೇ ಇರಲಿಲ್ಲ. ನಿಲ್ತನ್ ಬಾಸ್ತೋಸ್ 1931ರ ಸೆಪ್ಟೆಂಬರ್‌ನಲ್ಲಿ ಕ್ಷಯದಿಂದ ಹೋದರು, ಆಗಿನ್ನೂ ಮೂವತ್ತರ ಆಸುಪಾಸು. ಅದೇ ವರ್ಷದ ಕೊನೆಗೆ ಎಡ್ಗರ್ ಅಣ್ಣ ಅಂತ ಎಲ್ಲರೂ ಕರೆಯುತ್ತಿದ್ದ ಇನ್ನೊಬ್ಬ ಹಾಡುಗಾರ ಕೊಲೆಯಾದರು. ಇಸ್ಮಾಯೆಲ್ ಗೆಳೆಯರನ್ನು ಕಳೆದುಕೊಂಡು ಎಸ್ತಾಸಿಯೋದಿಂದ ದೂರವಾದರು. ನೋಯೆಲ್ ರೋಜಾ ಜೊತೆ ಹಾಡು ಕಟ್ಟತೊಡಗಿದರು. ಬೀಜಿ ಅರ್ಮಾಂದೋ ಮರ್ಸಾಲ್ ಜೊತೆಗೂಡಿ ರೇಡಿಯೋ, ರೆಕಾರ್ಡಿಂಗ್ ಕಡೆ ಹೋದರು. ಗೆಳೆತನದ ಮೇಲೆ ನಿಂತಿದ್ದ ಗುಂಪು ಗೆಳೆಯರು ಹೋದ ಮೇಲೆ ಎಷ್ಟು ದಿನ ನಿಲ್ಲುತ್ತೆ? ಆಗ ಕ್ಷಯಕ್ಕೆ ಔಷಧಿಯೂ ಇರಲಿಲ್ಲ. ಎಸ್ತಾಸಿಯೋದ ಕಿಕ್ಕಿರಿದ ಬಾಡಿಗೆ ಕೋಣೆಗಳಲ್ಲಿ ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಸಾಂಬಾದ ಚರಿತ್ರೆ ಹೇಳುವವರು ಮೆರವಣಿಗೆಗಳ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆಯಬೇಕಿತ್ತು.

ಎಸ್ತಾಸಿಯೋಗೆ ನಡೆದುಕೊಂಡೇ ಹೋದೆ, ಅವರು ಹೋಗಿಬರುತ್ತಿದ್ದ ದಾರಿಯನ್ನು ತಿರುಗುಮುರುಗು ಮಾಡಿ. ಪ್ರಾಸಾ ಒಂಜೆ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಆ ಚೌಕ ಕಾಣುವುದಿಲ್ಲ. ಐನೂರಕ್ಕೂ ಹೆಚ್ಚು ಕಟ್ಟಡ ಕೆಡವಿ ಮಾಡಿದ ಪ್ರೆಸಿಡೆಂಟ್ ವರ್ಗಾಸ್ ರಸ್ತೆ 1944ರಲ್ಲಿ ತೆರೆಯಿತು. ಸಿಯಾತಾ ಚಿಕ್ಕಮ್ಮನ ಮನೆ, ಚೌಕ, ಸುತ್ತಲಿನ ಬೀದಿಗಳು ಅದರಡಿ ಹೋದವು. ರಸ್ತೆಯ ಅಗಲ ನೋಡಿದರೆ ಎದೆ ಝಲ್ ಅನ್ನುತ್ತೆ. ಬಿಸಿಲಲ್ಲಿ ದಾಟುವುದಕ್ಕೇ ಹೊತ್ತು ಹಿಡಿಯುತ್ತೆ. ಅಲ್ಲಿಂದ ಸ್ವಲ್ಪ ದೂರದಲ್ಲೇ 1984ರಲ್ಲಿ ಓಸ್ಕರ್ ನಿಮೆಯೆರ್ ಕಟ್ಟಿದ ಮೆರವಣಿಗೆ ಕ್ರೀಡಾಂಗಣ, ಸಾಂಬೋದ್ರೊಮೋ. ಇನ್ನೊಂದು ಕಡೆ ಸಾವೋ ಕಾರ್ಲೋಸ್ ಗುಡ್ಡ, ಅದರ ಬುಡದಲ್ಲಿ ಎಸ್ತಾಸಿಯೋ ಚೌಕ. ಎಲ್ಲವೂ ಕಾಲ್ನಡಿಗೆಯ ದೂರ.

ಸಾಲ್ವದೋರ್ ದೆ ಸಾ ರಸ್ತೆಯಲ್ಲಿ ಈಗಿನ ಶಾಲೆ ಎಸ್ತಾಸಿಯೋ ದೆ ಸಾದ ಅಂಗಳ ಇದೆ. ಬಣ್ಣ ಕೆಂಪು, ಬಿಳಿ. ಇದು 1955ರಲ್ಲಿ ಗುಡ್ಡದ ಮೂರು ಸಣ್ಣ ಶಾಲೆಗಳು ಸೇರಿ ಆದದ್ದು. ಮೊದಲ ಹೆಸರು ಉನಿದೋಸ್ ದೆ ಸಾವೋ ಕಾರ್ಲೋಸ್, ಬಡಾವಣೆಯ ಹೆಸರು ಬಂದದ್ದು 1983ರಲ್ಲಿ. 1992ರಲ್ಲಿ ಸಾವೊ ಪಾಲೋದ ಆಧುನಿಕ ಕಲೆಯ ಎಪ್ಪತ್ತು ವರ್ಷಗಳನ್ನು ವಸ್ತುವಾಗಿಸಿಕೊಂಡು ಚಾಂಪಿಯನ್ ಆಯ್ತು. ಕಾಗದ ಹಿಡಿದು ನೋಡಿದರೆ 1928ರ ಗುಂಪಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷದ ಅಂತರ. ಅಂಗಳದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರಿಗೆ ಇದನ್ನು ಹೇಳಿದೆ. “ನಮ್ಮ ಇಸ್ಮಾಯೆಲ್ ಅವನು ಮಗಾ, ಕಾಗದಕ್ಕೇನು ಗೊತ್ತು,” ಅಂದರು. ನನಗೆ ಎದುರು ಮಾತಾಡಬೇಕು ಅನ್ನಿಸಲಿಲ್ಲ. ಅಂತರ ಇದ್ದದ್ದು ಹೆಸರಿಗೆ, ಜನಕ್ಕಲ್ಲ. ಅದೇ ಗುಡ್ಡ, ಅವೇ ಮನೆತನಗಳು, ಅದೇ ಚೌಕ.

ಮನೆತನ ಅಂದಾಗ ಮರ್ಸಾಲ್ ಕುಟುಂಬದ ಮಾತು ಹೇಳಲೇಬೇಕು. ಬೀಜಿಯ ಜೊತೆಗಾರ ಅರ್ಮಾಂದೋ ಮರ್ಸಾಲ್ ಅವರ ಮಗ ನಿಲ್ತನ್ ಪೊರ್ತೆಲಾದ ವಾದ್ಯವೃಂದ ನಡೆಸಿದ ದೊಡ್ಡ ಮೇಷ್ಟ್ರು. ಮೊಮ್ಮಗ, ಅಜ್ಜನ ಹೆಸರನ್ನೇ ಹೊತ್ತ ಅರ್ಮಾಂದೋ, ಪ್ಯಾಟ್ ಮೆಥೆನಿಯ ಜಾಝ್ ತಂಡದ ಜೊತೆ ಲೋಕ ಸುತ್ತಿದರು. ಅವರು ನುಡಿಸಿದ ತಟ್ಟೆಗಳನ್ನು ನಾನು ಬೆಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗಲೇ ಕೇಳಿದ್ದೆ, ಎಸ್ತಾಸಿಯೋ ಅನ್ನುವ ಹೆಸರು ಗೊತ್ತಿಲ್ಲದೆಯೇ.

ಇಸ್ಮಾಯೆಲ್ 1978ರ ಮಾರ್ಚ್‌ನಲ್ಲಿ, ಬೀಜಿ ಅದಕ್ಕೂ ಮೂರು ವರ್ಷ ಮುಂಚೆ ತೀರಿಕೊಂಡರು. 2007ರಲ್ಲಿ ಬ್ರೆಜಿಲ್ ಸರ್ಕಾರ ರಿಯೋದ ಸಾಂಬಾವನ್ನು ರಾಷ್ಟ್ರೀಯ ಪರಂಪರೆ ಅಂತ ನೋಂದಾಯಿಸಿತು. ಈಗ ನಾನು ಉನಿಯಾಂವ್ ದಾಸ್ ಕೋರೆಸ್ ಜಾಡು ಹಿಡಿದಿದ್ದೇನೆ. ದೇಯ್ಶಾ ಫಲಾರ್‌ನಿಂದ ಅಲ್ಲಿಗೆ ಯಾರು ಯಾರು ಹೋದರು ಅನ್ನುವುದು 1933ರ ಪುಟಗಳಲ್ಲಿ ಎಲ್ಲಾದರೂ ಒಂದು ಸಾಲಾಗಿ ಇರಬಹುದು. ಜನವರಿ ತಿಂಗಳನ್ನು ಮುಗಿಸಿದ್ದೇನೆ, ಫೆಬ್ರವರಿ ಬಾಕಿ ಇದೆ.